ಪಿಂಚಣಿ ಕಾಗದ ಓದಲಾಗದಿದ್ದರೆ ತಪ್ಪು ಕನ್ನಡ ಶಾಲೆಯದ್ದೇ?



ಮಗುವನ್ನು ಒಂದನೇ ತರಗತಿಗೆ ಸೇರಿಸುವ ಹೊತ್ತಿಗೆ ನಿಮ್ಮಲ್ಲಿ ಹಲವರು ಕೇಳುವ ಪ್ರಶ್ನೆ ಒಂದೇ: “ಕನ್ನಡದಲ್ಲಿ ಕಲಿತು ಏನು ಪ್ರಯೋಜನ? ಅಜ್ಜಿಯ ಪಿಂಚಣಿ ಕಾಗದವನ್ನೂ ಓದಲಾಗುವುದಿಲ್ಲವಲ್ಲ!” ಓದಲಾಗದ್ದು ನಿಜ. ಆದರೆ ತಪ್ಪು ಓದುವವರದ್ದೋ, ಬರೆದು ಕಳಿಸಿದವರದ್ದೋ? 1956ರ ನವೆಂಬರ್ 1ರಂದು ಕಾಸರಗೋಡಿನ ರಾಜ್ಯ ಬದಲಾಯಿತು. ಅಜ್ಜಿಯ ಮಾತು ಬದಲಾಗಲಿಲ್ಲ.

ಕೇರಳದ ಕ್ಷೇಮ ಪಿಂಚಣಿಗಳು ಕಡಿಮೆಯೇನಲ್ಲ. ವೃದ್ಧರಿಗೆ, ವಿಧವೆಯರಿಗೆ, ಅಂಗವಿಕಲರಿಗೆ, ಕೃಷಿ ಕಾರ್ಮಿಕರಿಗೆ, ಐವತ್ತು ದಾಟಿದ ಅವಿವಾಹಿತೆಯರಿಗೆ ಇವೆ. ಜತೆಗೆ ಷರತ್ತುಗಳೂ ಇವೆ. ಕುಟುಂಬದ ವಾರ್ಷಿಕ ಆದಾಯ ಒಂದು ಲಕ್ಷ ರೂಪಾಯಿ ಮೀರಬಾರದು. ಅಕ್ಷಯ ಕೇಂದ್ರಕ್ಕೆ ಹೋಗಿ ಮಸ್ಟರಿಂಗ್ ಮಾಡಿಸಬೇಕು. ಅರುವತ್ತು ತುಂಬದ ವಿಧವೆ ಮರುಮದುವೆಯಾಗಿಲ್ಲವೆಂದು ಪ್ರಮಾಣಪತ್ರ ಕೊಡಬೇಕು. ಗಡುವು ತಪ್ಪಿದರೆ ಹಣ ನಿಲ್ಲುತ್ತದೆ. ಇಂಥ ಗಡುವನ್ನು ಓದಲು ಬಾರದ ಲಿಪಿಯಲ್ಲಿ ತಿಳಿಸುವುದೂ ಒಂದೇ, ತಿಳಿಸದಿರುವುದೂ ಒಂದೇ. ಔಷಧಿಗೂ ಅಕ್ಕಿಗೂ ಆ ಹಣವನ್ನೇ ನಂಬಿದ ಮುದುಕಿ ಕಾಗದ ಹಿಡಿದು ಮನೆ ಮನೆ ಅಲೆಯಬೇಕೇ?

“ಯಾರಲ್ಲಾದರೂ ಓದಿಸಿಕೊಳ್ಳಿ” ಎನ್ನುವವರಿದ್ದಾರೆ. ಹಕ್ಕಿನ ಹಣಕ್ಕೆ ನೆರೆಯವರ ದಾಕ್ಷಿಣ್ಯ ಏಕೆ? ಮಲಯಾಳದ ಮೇಲೆ ನಮಗೆ ದ್ವೇಷವಿಲ್ಲ. ಮಕ್ಕಳು ಅದನ್ನೂ ಕಲಿಯಲಿ. ಆದರೆ ಮಗು ಕಲಿತು ದೊಡ್ಡದಾಗುವ ತನಕ ಅಜ್ಜಿಯ ಹೊಟ್ಟೆ ಕಾಯುವುದಿಲ್ಲ.

ಸಂವಿಧಾನದ 350ನೇ ವಿಧಿ ನಿಮ್ಮ ಕೈಯಲ್ಲಿದೆ. ಕುಂದುಕೊರತೆಯ ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಯಾವುದೇ ಅಧಿಕಾರಿಗೆ ಸಲ್ಲಿಸುವ ಹಕ್ಕನ್ನು ಅದು ಕೊಟ್ಟಿದೆ. ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ವ್ಯವಸ್ಥೆಯಾಗಬೇಕೆನ್ನುವ 350ಎ ವಿಧಿ ಅದರ ಪಕ್ಕದಲ್ಲೇ ಇದೆ. ಶಾಲೆಯ ಕನ್ನಡವೂ ಕಚೇರಿಯ ಕನ್ನಡವೂ ಬೇರೆ ಬೇರೆಯಲ್ಲ. ಒಂದನ್ನು ಬಿಟ್ಟರೆ ಇನ್ನೊಂದು ಉಳಿಯದು.

ಆದ್ದರಿಂದ ಮಸ್ಟರಿಂಗನ್ನು ಮೊದಲು ಮಾಡಿಸಿ. ಜಗಳಕ್ಕಾಗಿ ಪಿಂಚಣಿ ಕಳೆದುಕೊಳ್ಳಬೇಡಿ. ಅನಂತರ ಕನ್ನಡದಲ್ಲೇ ಅಹವಾಲು ಬರೆಯಿರಿ: ಅರ್ಜಿ ನಮೂನೆ, ನೋಟೀಸು, ತಿರಸ್ಕಾರದ ಕಾರಣ ಎಲ್ಲವೂ ನಮಗೆ ಕನ್ನಡದಲ್ಲಿ ಬೇಕೆಂದು. ದಿನಾಂಕ ಹಾಕಿದ ರಶೀದಿ ಪಡೆಯದೆ ಕಚೇರಿಯ ಮೆಟ್ಟಿಲಿಳಿಯಬೇಡಿ. ರಕ್ಷಕ-ಶಿಕ್ಷಕ ಸಂಘದ ಮುಂದಿನ ಸಭೆಯಲ್ಲಿ ಇದನ್ನೇ ಠರಾವು ಮಾಡಿ ಪಂಚಾಯತಿಗೆ ಕಳುಹಿಸಿ.

ಯಾರೂ ಕನ್ನಡದಲ್ಲಿ ಕೇಳದಿದ್ದರೆ, “ಇಲ್ಲಿ ಕನ್ನಡ ಕೇಳುವವರೇ ಇಲ್ಲ” ಎಂದು ಬರೆದಿಡುವುದು ಕಚೇರಿಗೆ ಸುಲಭ. ಆ ಮಾತಿಗೆ ನಿಮ್ಮ ಮೌನ ಸಾಕ್ಷಿಯಾಗದಿರಲಿ.