ಓದುವ ಕೈಗೂ ಮಣ್ಣಿನ ನಂಟಿರಲಿ

‘ಹಿತ್ತಿಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ನಮ್ಮ ಹಿರಿಯರು ಆಡಿದ್ದು ಹಿತ್ತಿಲನ್ನು ಹಳಿಯಲಿಕ್ಕಲ್ಲ; ಕೈಯಳತೆಯಲ್ಲಿರುವುದರ ಬೆಲೆಯನ್ನು ಅರಿಯದ ನಮ್ಮ ಸ್ವಭಾವವನ್ನು ತಿದ್ದಲಿಕ್ಕೆ. ಇಂದು ಆ ಗಾದೆಯನ್ನು ನೆನೆಯಲು ಕಾರಣವಿದೆ. ಉನ್ನತ ವ್ಯಾಸಂಗಕ್ಕೆಂದು ಮನೆ ಬಿಟ್ಟು ಪಟ್ಟಣ ಸೇರಿದ ನಮ್ಮ ಮಕ್ಕಳಿಗೆ ಹಿತ್ತಿಲೂ ಇಲ್ಲ, ಹಿತ್ತಿಲ ಸೊಪ್ಪೂ ಇಲ್ಲ, ಆ ಸೊಪ್ಪು ಬಿಡಿಸುತ್ತ ಕುಳಿತು ಮಾತನಾಡುವ ನೆರೆಹೊರೆಯೂ ಇಲ್ಲ. ಈ ಮೂರೂ ಇಲ್ಲದ ಬದುಕು ದೇಹಕ್ಕೂ ಮನಸ್ಸಿಗೂ ಏನು ಮಾಡುತ್ತದೆ ಎಂಬುದನ್ನು ಸದ್ಭಕ್ತರ ಮುಂದಿಡುವುದು ಈ ಲೇಖನದ ಉದ್ದೇಶ.

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಉತ್ತರಕ್ಕಿರುವ ಜಿನನಾಥಪುರ ಚಿಕ್ಕ ಊರು. ಹೊಯ್ಸಳರ ಕಾಲದ ಶಾಂತಿನಾಥ ಬಸದಿಯಿಂದಾಗಿ ಅದು ನಾಡಿಗೆ ಪರಿಚಿತ. ಅದರ ಸುತ್ತಮುತ್ತಲಿನ ರಾಗಿ ಹೊಲ, ತೆಂಗಿನ ತೋಟಗಳ ಮನೆಗಳಿಂದ ಇಂದು ಹೆಣ್ಣುಮಕ್ಕಳೂ ಗಂಡುಮಕ್ಕಳೂ ಸ್ನಾತಕೋತ್ತರ ಪದವಿಗೆ ಹೋಗುತ್ತಿದ್ದಾರೆ. ಹಿಂದೆ ಇದಕ್ಕಾಗಿ ಮೈಸೂರಿನವರೆಗೆ ಹೋಗಬೇಕಿತ್ತು. ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿ ಹಾಸನದಲ್ಲಿ ಹೇಮಗಂಗೋತ್ರಿ ಆರಂಭವಾದ ಮೇಲೆ ಆ ದೂರ ಸುಮಾರು 50 ಕಿಲೋಮೀಟರಿಗೆ ಇಳಿಯಿತು. ಆದರೆ ದಿನವೂ ಹೋಗಿಬರುವವರಿಗೆ ಅದೂ ದೂರವೇ.

ಅಂಥ ಮನೆಯೊಂದರ ಮಗಳ ಸಂಗತಿಯನ್ನು ನಾವು ಹತ್ತಿರದಿಂದ ಬಲ್ಲೆವು. ಮೊದಲ ವರ್ಷ ಆಕೆ ಊರಿನಿಂದಲೇ ಓಡಾಡಿದಳು. ಬೆಳಗಿನ ಬಸ್ಸಿಗೆ ಒಂದು ಲೋಟ ಕಾಫಿ ಕುಡಿದು ಹೊರಟರೆ ಮಧ್ಯಾಹ್ನ ಸಿಕ್ಕಿದ್ದು ಊಟ, ರಾತ್ರಿ ಮನೆ ಸೇರಿದ ಮೇಲೆ ಒಂದು ಮುದ್ದೆ. ಎರಡನೆಯ ವರ್ಷ ಇಬ್ಬರು ಸಹಪಾಠಿಗಳೊಡನೆ ಹಾಸನದಲ್ಲಿ ಕೋಣೆ ಹಿಡಿದಳು. ಓಡಾಟ ತಪ್ಪಿತು, ಆದರೆ ಊಟ ಇನ್ನಷ್ಟು ಕೆಟ್ಟಿತು. ಮೂವರಿಗೂ ಬೇರೆ ಬೇರೆ ವೇಳೆ. ಒಬ್ಬಳು ಚಿತ್ರಾನ್ನ ಕಟ್ಟಿಸಿಕೊಂಡು ಬಂದರೆ ಇನ್ನೊಬ್ಬಳು ಬ್ರೆಡ್ಡು, ಮತ್ತೊಬ್ಬಳು ಬಿಸಿನೀರಿಗೆ ಹಾಕುವ ನೂಡಲ್ಸು. ಒಂದೇ ಕೋಣೆಯಲ್ಲಿದ್ದರೂ ಒಟ್ಟಿಗೆ ಕುಳಿತು ಉಂಡ ದಿನಗಳು ಬೆರಳೆಣಿಕೆಯಷ್ಟು. ಪರೀಕ್ಷೆಗೆ ಮುನ್ನ ಒಂದು ದಿನ ಆಕೆ ಬಸ್ಸಿನಲ್ಲಿ ತಲೆ ತಿರುಗಿ ಬಿದ್ದಳು. ವೈದ್ಯರು ರಕ್ತಹೀನತೆಯೆಂದು ಹೇಳಿ ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟರು. ‘ಊರಿನವರು ನೀವು, ಮನೆಯಲ್ಲಿ ಸೊಪ್ಪು ತಿನ್ನುವುದಿಲ್ಲವೇ?’ ಎಂದು ಅವರು ಕೇಳಿದಾಗ ಆಕೆಯ ತಾಯಿಗೆ ಉತ್ತರ ಹೊಳೆಯಲಿಲ್ಲ.

ಉತ್ತರ ನಮ್ಮೆಲ್ಲರ ಮನೆಗಳಲ್ಲಿಯೂ ಇದೆ. ‘ನೀನು ಮಣ್ಣು ಮುಟ್ಟಬೇಡ ಕಣವ್ವ, ಓದಿಕೋ ಸಾಕು’ ಎಂದು ಆ ತಾಯಿ ಮಗಳನ್ನು ಬೆಳೆಸಿದ್ದಳು. ಓದುವ ಮಗುವನ್ನು ಹಿತ್ತಿಲಿನಿಂದಲೂ ಅಡುಗೆಮನೆಯಿಂದಲೂ ದೂರವಿಡುವುದೇ ಪ್ರೀತಿಯೆಂದು ನಾವು ಭಾವಿಸಿದ್ದೇವೆ. ಗಂಡುಮಕ್ಕಳ ವಿಷಯದಲ್ಲಂತೂ ಅನ್ನದ ಪಾತ್ರೆ ತೊಳೆಯುವುದನ್ನೂ ಕಲಿಸದೆ ಊರು ಬಿಡಿಸುತ್ತೇವೆ. ಈ ಮಾತಿನ ಹಿಂದಿರುವ ನೋವನ್ನು ನಾವು ಅರಿಯದವರಲ್ಲ. ಮಳೆ ಕೈಕೊಟ್ಟು, ಬೋರು ಬತ್ತಿ, ಬೆಲೆ ಬಿದ್ದು ಬೆಂದ ಜೀವಗಳು, ಮಕ್ಕಳಿಗೆ ಈ ಪಾಡು ಬೇಡವೆಂದು ಬಯಸುವುದು ಸಹಜ. ಆದರೆ ಹೊಟ್ಟೆಪಾಡಿಗಾಗಿ ಮಣ್ಣಿನೊಡನೆ ಹೆಣಗುವುದು ಬೇರೆ, ದಿನಕ್ಕೆ ಕಾಲು ಗಂಟೆ ಮಣ್ಣಿನೊಡನೆ ಇರುವುದು ಬೇರೆ. ಮೊದಲನೆಯದರಿಂದ ಮಕ್ಕಳನ್ನು ಪಾರು ಮಾಡುವ ಭರದಲ್ಲಿ ಎರಡನೆಯದನ್ನೂ ಅವರಿಂದ ಕಿತ್ತುಕೊಂಡಿದ್ದೇವೆ ಎಂಬುದೇ ನಮ್ಮ ಆಕ್ಷೇಪ.

ಇದು ಒಂದು ಮನೆಯ ಕಥೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ 15ರಿಂದ 49 ವರ್ಷ ವಯಸ್ಸಿನ ಮಹಿಳೆಯರಲ್ಲಿ ಶೇಕಡ 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಪುರುಷರಲ್ಲಿಯೂ ನಾಲ್ವರಲ್ಲಿ ಒಬ್ಬರಿಗಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯು ದಿನದ ತಟ್ಟೆಯಲ್ಲಿ 400 ಗ್ರಾಂ ತರಕಾರಿ ಇರಬೇಕೆಂದೂ, ಅದರಲ್ಲಿ 100 ಗ್ರಾಂ ಸೊಪ್ಪಾಗಿರಬೇಕೆಂದೂ ಹೇಳುತ್ತದೆ. ಬಾಡಿಗೆ ಕೋಣೆಯ ವಿದ್ಯಾರ್ಥಿಯ ತಟ್ಟೆಯಲ್ಲಿ ವಾರಕ್ಕೆ ಅಷ್ಟು ಸೊಪ್ಪು ಬಿದ್ದರೆ ಹೆಚ್ಚು.

ವಿಪರ್ಯಾಸವೆಂದರೆ ಸೊಪ್ಪಿನ ವಿಷಯದಲ್ಲಿ ನಮ್ಮ ಸೀಮೆ ಎಂದೂ ಬಡವಾಗಿರಲಿಲ್ಲ. ಮಸ್ಸೊಪ್ಪು, ಬಸ್ಸಾರು, ಉಪ್ಪುಸಾರು ನಮ್ಮ ನಿತ್ಯದ ಅಡುಗೆಗಳು. ಮಳೆ ಬಿದ್ದ ಹೊಲದಲ್ಲಿ ಅಣ್ಣೆ, ಹೊನಗನ್ನೆ, ಗಣಿಕೆ, ಗೋಣಿ ಎಂದು ಒಂದೊಂದನ್ನೂ ಹೆಸರು ಹಿಡಿದು ಆಯ್ದು ತಂದು ಬೆರಕೆ ಸೊಪ್ಪಿನ ಸಾರು ಮಾಡುತ್ತಿದ್ದ ಅಜ್ಜಿಯರು ಇನ್ನೂ ಇದ್ದಾರೆ. ಅವರ ಮೊಮ್ಮಕ್ಕಳಿಗೆ ಸಸ್ಯಶಾಸ್ತ್ರದ ಲ್ಯಾಟಿನ್ ಹೆಸರುಗಳು ಬರುತ್ತವೆ, ಹೊಲದ ಬದುವಿನ ಸೊಪ್ಪಿನ ಗುರುತು ಹತ್ತುವುದಿಲ್ಲ.

ಮುಂದೆ ಆ ಮೂವರು ಹುಡುಗಿಯರು ಏನು ಮಾಡಿದರೆಂಬುದನ್ನು ಹೇಳಬೇಕು. ಆಕೆ ವೈದ್ಯರು ಹೇಳಿದಂತೆ ಮಾತ್ರೆ ತಪ್ಪಿಸಲಿಲ್ಲ. ಜೊತೆಗೆ ಊರಿನಿಂದ ಅಜ್ಜಿ ಕಳುಹಿಸಿದ ದಂಟಿನ ಬೀಜದ ಗಂಟೊಂದು ಬಂದಿತು. ಒಡೆದ ಎರಡು ಬಕೀಟು, ಒಂದು ಹಳೆಯ ಬಣ್ಣದ ಡಬ್ಬ, ತಾರಸಿಯ ಮೂಲೆ. ಇಷ್ಟೇ ಅವರ ತೋಟ. ತಾರಸಿ ಸೋರೀತೆಂದು ಮನೆಯೊಡತಿ ಮೊದಲು ಗದರಿದರಂತೆ. ಇಟ್ಟಿಗೆಯ ಮೇಲೆ ಕುಂಡವಿಟ್ಟು ನೀರು ನಿಲ್ಲದಂತೆ ಮಾಡಿದ ಮೇಲೆ ಸುಮ್ಮನಾದರು. ಒಂದು ತಿಂಗಳು ಕಳೆಯುವುದರೊಳಗೆ ‘ಒಂದು ಹಿಡಿ ಮೆಂತ್ಯ ಕಿತ್ತುಕೊಳ್ಳಲೇ?’ ಎಂದು ಅವರೇ ಕೇಳಿದರು. ಸೊಪ್ಪು ಬೆಳೆದ ಮೇಲೆ ಅದನ್ನು ಬೇಯಿಸಬೇಕಾಯಿತು. ಬೇಯಿಸಿದ ಮೇಲೆ ಒಬ್ಬಳೇ ಉಣ್ಣಲಾಗಲಿಲ್ಲ. ರಾತ್ರಿಯೂಟಕ್ಕೆ ಮೂವರೂ ಒಂದೇ ಹೊತ್ತಿಗೆ ಕೂಡತೊಡಗಿದರು. ಪರೀಕ್ಷೆಯ ಭಯ, ಮನೆಯ ಸಾಲ, ಮದುವೆಯ ಮಾತು, ಹೀಗೆ ಒಬ್ಬೊಬ್ಬಳ ಎದೆಯಲ್ಲಿ ಗಂಟಾಗಿದ್ದುದು ಸೊಪ್ಪು ಬಿಡಿಸುವ ಹೊತ್ತಿನಲ್ಲಿ ಸಡಿಲವಾಯಿತು. ರಕ್ತ ಹೆಚ್ಚಿದ್ದು ಮಾತ್ರೆಯಿಂದಲೋ ದಂಟಿನಿಂದಲೋ ಎಂದು ವಾದಿಸುವುದು ಬೇಡ. ಮುಖ್ಯವಾಗಿ ಮಾತ್ರೆಯಿಂದಲೇ ಎಂದಿಟ್ಟುಕೊಳ್ಳೋಣ. ಆದರೆ ಮಾತ್ರೆಯ ಡಬ್ಬಿ ಮೂವರನ್ನು ಒಂದು ತಟ್ಟೆಯ ಸುತ್ತ ಕೂಡಿಸಲಾರದು.

ಏಕಾಂಗಿತನವನ್ನು ನಾವು ರೋಗವೆಂದು ಎಣಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಇದರ ಅಧ್ಯಯನಕ್ಕಾಗಿಯೇ 2023ರಲ್ಲಿ ಒಂದು ಆಯೋಗವನ್ನು ನೇಮಿಸಿತು. 2025ರಲ್ಲಿ ಹೊರಬಂದ ಅದರ ವರದಿಯಂತೆ ಜಗತ್ತಿನ ಆರು ಜನರಲ್ಲಿ ಒಬ್ಬರು ಏಕಾಂಗಿತನದಿಂದ ಬಳಲುತ್ತಿದ್ದಾರೆ. ಹದಿಹರೆಯದವರೂ ತರುಣರೂ ಅವರಲ್ಲಿ ಹೆಚ್ಚು. ಕೈಗೆ ಕೆಲಸ ಸಿಕ್ಕಾಗ ಮನಸ್ಸು ಹಗುರಾಗುತ್ತದೆಂಬುದಕ್ಕೂ ಆಧಾರಗಳಿವೆ. 2011ರಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ ಒಂದು ಅಧ್ಯಯನದಲ್ಲಿ 30 ಮಂದಿಗೆ ಮೊದಲು ತಲೆಬಿಸಿಯಾಗುವಂಥ ಕೆಲಸ ಕೊಟ್ಟು, ಬಳಿಕ ಅರ್ಧ ಗಂಟೆ ಕೆಲವರನ್ನು ತೋಟದ ಕೆಲಸಕ್ಕೂ ಕೆಲವರನ್ನು ಒಳಗೆ ಕುಳಿತು ಓದಲಿಕ್ಕೂ ಬಿಟ್ಟರು. ಒತ್ತಡದ ಸೂಚಕವಾದ ಕಾರ್ಟಿಸೋಲ್ ಇಬ್ಬರಲ್ಲಿಯೂ ಇಳಿಯಿತು, ತೋಟದಲ್ಲಿದ್ದವರಲ್ಲಿ ಹೆಚ್ಚು ಇಳಿಯಿತು. ಅಧ್ಯಯನ ಚಿಕ್ಕದು, ಆದರೂ ದಿನವಿಡೀ ಓದಿ ದಣಿದವರು ದಣಿವಾರಿಸಿಕೊಳ್ಳಲು ಮತ್ತೆ ಮೊಬೈಲಿನ ಪರದೆಯನ್ನೇ ನೋಡುವ ಈ ಕಾಲದಲ್ಲಿ ಅದು ಹೇಳುವ ಮಾತು ಯೋಚಿಸತಕ್ಕದ್ದು.

ನಮ್ಮ ಶರಣರಿಗೆ ಈ ವಿಷಯ ಹೊಸದಾಗಿರಲಿಲ್ಲ. ಅನುಭಾವದ ಎತ್ತರಕ್ಕೇರಿದವರು ಯಾರೂ ಕೈಯ ಕೆಲಸವನ್ನು ಕೆಳಗಿಡಲಿಲ್ಲ. ಒಕ್ಕಲಿಗ ಮುದ್ದಣ್ಣನವರು ಉಳುತ್ತಲೇ ಶರಣರಾದರು, ನುಲಿಯ ಚಂದಯ್ಯನವರು ಹಗ್ಗ ಹೊಸೆಯುತ್ತಲೇ ಶರಣರಾದರು. ಅರಿವಿಗೂ ಕಾಯಕಕ್ಕೂ ನಡುವೆ ಗೋಡೆ ಕಟ್ಟಿದವರು ನಾವು. ಕಾಯಕದ ಜೊತೆಯಲ್ಲಿಯೇ ದಾಸೋಹವೂ ಇದೆ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ತಿರುಗಿ ಕಳುಹಿಸಿದ ಪ್ರಸಂಗ ಎಲ್ಲರಿಗೂ ತಿಳಿದದ್ದೇ. ಇದ್ದುದರಲ್ಲಿಯೇ ಹಂಚಿ ಉಣ್ಣುವುದು ದಾಸೋಹವಾದರೆ, ಮೂರು ಕುಂಡದ ಸೊಪ್ಪಿನಿಂದಲೂ ಅದು ನಡೆಯುತ್ತದೆ. ಜಿನನಾಥಪುರದ ನೆರೆಯ ಜೈನ ಪರಂಪರೆಯೂ ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಒಟ್ಟಿಗೆ ಎಣಿಸುತ್ತದೆ. ನಾವು ಮಕ್ಕಳಿಗೆ ಶಾಸ್ತ್ರವನ್ನು ಕೊಡಿಸುತ್ತಿದ್ದೇವೆ. ಉಳಿದ ಮೂರನ್ನು ಯಾರು ಕೊಡಬೇಕು? ಪಕ್ಕದಲ್ಲಿ ಕುಳಿತು ‘ಉಂಡೆಯಾ?’ ಎಂದು ಕೇಳುವ ಸ್ನೇಹವೇ ಓದುವ ಮಗುವಿಗೆ ಅಭಯ.

ಇನ್ನು ಆಚರಣೆಯ ಮಾತು. ಮೂವತ್ತು ದಿನಗಳೊಳಗೆ ಕೈಗೆ ಬರುವ ಮೆಂತ್ಯ, ದಂಟು, ಹರಿವೆಗಳಿಂದ ಆರಂಭಿಸುವುದು ಲೇಸು. ಕೆಂಪು ಮಣ್ಣು, ಕೊಳೆತ ಗೊಬ್ಬರ, ನಮ್ಮ ಸೀಮೆಯಲ್ಲಿ ಧಾರಾಳವಾಗಿ ಸಿಗುವ ತೆಂಗಿನ ನಾರಿನ ಪುಡಿ, ಇವನ್ನು ಬೆರೆಸಿ ತಳದಲ್ಲಿ ತೂತುಳ್ಳ ಡಬ್ಬದಲ್ಲಿ ತುಂಬಬೇಕು. ಅಡುಗೆಯ ಮೆಂತ್ಯವನ್ನೇ ರಾತ್ರಿ ನೆನೆಸಿ ಬಿತ್ತಬಹುದು. ಸಂತೆಯಿಂದ ತಂದ ಪುದೀನದ ಕಡ್ಡಿ, ದೊಡ್ಡಪತ್ರೆಯ ಕೊಂಬೆ ನೆಟ್ಟರೆ ಬೇರು ಬಿಡುತ್ತವೆ. ಎಲ್ಲ ಕುಂಡಗಳಿಗೂ ಒಂದೇ ದಿನ ಬಿತ್ತದೆ ವಾರಕ್ಕೊಂದರಂತೆ ಬಿತ್ತಿದರೆ ಸೊಪ್ಪು ಸರದಿಯಂತೆ ಬರುತ್ತದೆ. ಅಕ್ಕಿ ತೊಳೆದ ನೀರು ಗಿಡಕ್ಕಾಯಿತು. ಒಂದು ತುಂಬೆ ಗಿಡವಿದ್ದರೆ ಬೆಳಗಿನ ಇಷ್ಟಲಿಂಗ ಪೂಜೆಗೆ ತಾನೇ ಬೆಳೆದ ಹೂವಾಯಿತು. ಕೋಣೆ ಸೇರಿದ ಮೇಲೆ ಪೂಜೆ ತಪ್ಪಿಸಿದ ಮಕ್ಕಳಿಗೆ ಅದೊಂದು ನೆಪವೂ ಆದೀತು.

ಕೆಲವು ಎಚ್ಚರಿಕೆಗಳು ಅಗತ್ಯ. ಸೊಪ್ಪಿನಲ್ಲಿರುವ ಕಬ್ಬಿಣಾಂಶವು ದೇಹಕ್ಕೆ ಸುಲಭವಾಗಿ ಹಿಡಿಯುವುದಿಲ್ಲ. ನಿಂಬೆಹಣ್ಣಿನ ರಸ ಹಿಂಡಿಕೊಂಡರೆ ಹೆಚ್ಚು ಹಿಡಿಯುತ್ತದೆ, ಊಟದ ಬೆನ್ನಿಗೇ ಕಾಫಿ–ಟೀ ಕುಡಿದರೆ ಕಡಿಮೆಯಾಗುತ್ತದೆ. ಊಟಕ್ಕೂ ಕಾಫಿಗೂ ಒಂದು ಗಂಟೆಯ ಅಂತರವಿರಲಿ. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಂತರೆ ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುತ್ತದೆ; ವಾರಕ್ಕೊಮ್ಮೆಯಾದರೂ ಚೆಲ್ಲಿ ಉಜ್ಜಿ ಒಣಗಿಸಬೇಕು. 2024ರಲ್ಲಿ ನಮ್ಮ ರಾಜ್ಯ ಡೆಂಗಿಯಿಂದ ಪಟ್ಟ ಪಾಡನ್ನು ಮರೆಯಲಾಗದು. ಮಣ್ಣಿನಲ್ಲಿ ಕೈ ಗಾಯವಾದರೆ ತೊಳೆದು, ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಬೇಕು. ಹಿತವೆಂದು ಅತಿ ಮಾಡುವುದೂ ತರವಲ್ಲ. ಚಕ್ರಮುನಿ ಸೊಪ್ಪಿನ ಹಸಿರಸವನ್ನು ಮೈ ಇಳಿಸಲೆಂದು ವಿಪರೀತ ಕುಡಿದು ತೈವಾನಿನಲ್ಲಿ 1990ರ ದಶಕದಲ್ಲಿ ಅನೇಕರು ಶ್ವಾಸಕೋಶದ ಕಾಯಿಲೆಗೆ ತುತ್ತಾದರು. ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು: ನಿದ್ದೆ ಬಾರದೆ, ಊಟ ಸೇರದೆ, ಬದುಕೇ ಬೇಡವೆನಿಸುವಷ್ಟು ಮನಸ್ಸು ಕುಗ್ಗಿದ್ದರೆ ಅದನ್ನು ಗಿಡಕ್ಕೂ ಗೆಳತಿಗೂ ಮಾತ್ರ ಬಿಡಬಾರದು. ಸರ್ಕಾರದ ಟೆಲಿ–ಮಾನಸ್ ಉಚಿತ ದೂರವಾಣಿ 14416 ಹಗಲಿರುಳೂ ತೆರೆದಿರುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು.

ಕೊನೆಯದಾಗಿ ಸದ್ಭಕ್ತರಲ್ಲಿ ಮೂರು ಬಿನ್ನಹಗಳು. ಮನೆಯ ಮೇಲಣ ಕೋಣೆಯನ್ನು ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಟ್ಟವರು ತಾರಸಿಯ ಒಂದು ಮೂಲೆಯನ್ನೂ ಕೊಡಬೇಕು. ಅದಕ್ಕೆ ಬಾಡಿಗೆ ಬೇಡ. ಸಿದ್ಧಗಂಗೆ, ಸುತ್ತೂರು ಮೊದಲಾದ ಮಠಗಳು ಅನ್ನವನ್ನೂ ಅಕ್ಷರವನ್ನೂ ಒಂದೇ ಪಂಕ್ತಿಯಲ್ಲಿ ಬಡಿಸಿ ನಾಡನ್ನು ಬೆಳೆಸಿದವು. ಆ ಪರಂಪರೆಯ ಪ್ರಸಾದನಿಲಯಗಳಲ್ಲಿ ಕೋಣೆಗೊಂದು ಪಾತಿಯಂತೆ ಸೊಪ್ಪಿನ ಮಡಿಯಿದ್ದರೆ ಆ ಪಂಕ್ತಿಗೆ ಇನ್ನಷ್ಟು ಕಳೆ ಬಂದೀತು. ದಾಸೋಹಕ್ಕೆ ಅಕ್ಕಿ ಮೂಟೆ ತರುವವರು ಜೊತೆಗೆ ಬೀಜದ ಪೊಟ್ಟಣವನ್ನೂ ತರಲಿ. ಮೂರನೆಯದು ತಂದೆತಾಯಂದಿರಿಗೆ. ರಜೆಗೆ ಬಂದ ಮಗನನ್ನೋ ಮಗಳನ್ನೋ ‘ಓದಿ ದಣಿದಿದ್ದೀಯ, ಮಲಗು’ ಎಂದು ಒಳಗೆ ಕಳುಹಿಸುವ ಮೊದಲು ಒಂದು ಗಳಿಗೆ ಹಿತ್ತಿಲಿಗೆ ಕರೆದೊಯ್ಯಿರಿ. ಅಜ್ಜಿಗೆ ತಿಳಿದ ಸೊಪ್ಪುಗಳ ಹೆಸರನ್ನು ಅಜ್ಜಿಯ ಬಾಯಿಂದಲೇ ಕೇಳಿಸಿ. ಹಿಂದಿರುಗುವಾಗ ಚಕ್ಕುಲಿ, ಕೋಡುಬಳೆಯ ಡಬ್ಬದ ಪಕ್ಕದಲ್ಲಿ ದಂಟಿನ ಬೀಜದ ಚಿಕ್ಕ ಗಂಟೊಂದಿರಲಿ. ಡಬ್ಬ ವಾರದಲ್ಲಿ ಖಾಲಿಯಾದೀತು; ಗಂಟಿನ ಬೀಜ ವರ್ಷವಿಡೀ ಮಕ್ಕಳಿಗೂ ಅವರ ಜೊತೆಗಾರರಿಗೂ ಉಣಿಸೀತು.