ಗುಂಡಿ ರಸ್ತೆಯದು, ದಂಡ ಗುಡ್ಡಕ್ಕೆ

ರಸ್ತೆಯ ಗುಂಡಿಯನ್ನು ಪ್ರಯಾಣಿಕರ ತೊಂದರೆಯೆಂದು ಮಾತ್ರ ಭಾವಿಸುವುದು ರೂಢಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಸೀಮೆಯ ಗುಡ್ಡಗಾಡಿನಲ್ಲಿ ಅದಕ್ಕೆ ಇನ್ನೊಂದು ಮುಖವಿದೆ. ಗುಂಡಿ ಮುಚ್ಚಲು ಗರಸು ಬೇಕು. ಗರಸು ಬರುವುದು ಊರ ಪಕ್ಕದ ಮರಡಿಯಿಂದ. ಡಾಂಬರಿಲ್ಲದೆ ಸುರಿದ ಆ ಗರಸು ಮಳೆಗೆ ಕೊಚ್ಚಿಹೋಗಿ ಚರಂಡಿ ಸೇರುತ್ತದೆ. ಚರಂಡಿಯಿಂದ ಹಳ್ಳಕ್ಕೆ, ಹಳ್ಳದಿಂದ ಕೆರೆಗೆ ಇಳಿಯುತ್ತದೆ. ಮರುವರ್ಷ ಅದೇ ಮರಡಿಗೆ ಮತ್ತೆ ಜೆಸಿಬಿ ಬರುತ್ತದೆ. ಗುಡ್ಡ ಕರಗುತ್ತದೆ, ಕೆರೆಯಲ್ಲಿ ಹೂಳು ಏರುತ್ತದೆ, ರಸ್ತೆ ಮಾತ್ರ ಸುಧಾರಿಸುವುದಿಲ್ಲ. ರಸ್ತೆ ಕೆಡಿಸಿದವರ ಸಾಲವನ್ನು ತೀರಿಸುತ್ತಿರುವುದು ಬಾಯಿಲ್ಲದ ಗುಡ್ಡ.

ರಸ್ತೆ ಮಳೆಯಿಂದ ಕೆಟ್ಟಿತು ಎಂಬುದು ಅಧಿಕಾರಿಗಳ ಸಿದ್ಧ ಉತ್ತರ. ಇದು ಅರ್ಧ ಸತ್ಯ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ನಡೆದ ರಸ್ತೆ ಪರೀಕ್ಷೆಯಿಂದ ಒಂದು ಲೆಕ್ಕ ಹೊರಬಂದಿತು: ಗಾಲಿಯ ಅಚ್ಚಿನ ಮೇಲೆ ಬೀಳುವ ಭಾರ ಇಮ್ಮಡಿಯಾದರೆ ರಸ್ತೆಗಾಗುವ ಹಾನಿ ಇಮ್ಮಡಿಯಲ್ಲ, ಸುಮಾರು ಹದಿನಾರು ಮಡಿ. ಅದಿರಿನ ಲಾರಿಗಳ ಕಾಲವನ್ನು ಕಂಡ ಈ ಸೀಮೆಗೆ ಇದನ್ನು ಬೇರೆಯಾಗಿ ಕಲಿಸಬೇಕಾಗಿಲ್ಲ. 2011ರ ಜುಲೈನಲ್ಲಿ ಲೋಕಾಯುಕ್ತರು ಸಲ್ಲಿಸಿದ ವರದಿ ಮಿತಿಮೀರಿದ ಭಾರದ ಸಾಗಣೆಯನ್ನೂ ಬಯಲಿಗೆಳೆಯಿತು. ಅದೇ ತಿಂಗಳ 29ರಂದು ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿಯಿತು. ಆದರೆ ಭಾರದ ಲಾರಿಗಳ ಓಡಾಟ ಅದಿರಿಗಷ್ಟೇ ಸೇರಿದ್ದಲ್ಲ. ತುಂಗಭದ್ರೆಯ ದಡದಿಂದ ಮರಳು, ಕ್ವಾರಿಗಳಿಂದ ಜಲ್ಲಿ, ಗುಡ್ಡದ ನೆತ್ತಿಗೆ ಗಾಳಿಯಂತ್ರದ ಭಾಗಗಳು, ಇವೆಲ್ಲ ಸಾಗುವುದು ಎತ್ತಿನ ಬಂಡಿಗೂ ಬಸ್ಸಿಗೂ ಮಾಡಿದ ಹಳ್ಳಿಯ ರಸ್ತೆಯಲ್ಲಿಯೇ. 2019ರ ತಿದ್ದುಪಡಿಯ ಬಳಿಕ ಮೋಟಾರು ವಾಹನ ಅಧಿನಿಯಮದಲ್ಲಿ ಅಧಿಕ ಭಾರಕ್ಕೆ 20,000 ರೂಪಾಯಿ ದಂಡವಿದೆ. ಮೀರಿದ ಪ್ರತಿ ಟನ್ನಿಗೆ 2,000 ರೂಪಾಯಿ ಬೇರೆ. ಆ ದಂಡ ವಸೂಲಾದರೂ ಕೆಟ್ಟ ರಸ್ತೆಗೆ ಅದರಲ್ಲಿ ಒಂದು ಬುಟ್ಟಿ ಜಲ್ಲಿಯಾದರೂ ದಕ್ಕಿತೇ ಎಂದು ಕೇಳುವವರು ಯಾರು?

ಎರಡನೆಯ ಹಾನಿ ಅಗೆತದಿಂದ. 2019ರ ಆಗಸ್ಟ್ 15ರಂದು ಜಲ ಜೀವನ ಮಿಷನ್ ಘೋಷಣೆಯಾಯಿತು. ಮನೆಮನೆಗೆ ನಲ್ಲಿ ನೀರು ಬರುವುದನ್ನು ಬೇಡವೆನ್ನುವವರಿಲ್ಲ. ಆದರೆ ಕೊಳವೆ ಹೂಳಲೆಂದು ಸೀಳಿದ ಸಿ.ಸಿ. ರಸ್ತೆಯನ್ನು ಮಣ್ಣೆಳೆದು ಬಿಟ್ಟುಹೋಗುವ ಗುತ್ತಿಗೆದಾರನಿಗೆ ಬಿಲ್ಲು ಪಾವತಿಯಾಗುವುದು ಹೇಗೆ? ದೂರವಾಣಿ ಕೇಬಲಿನದೂ ಇದೇ ಕಥೆ. ರಸ್ತೆಯ ಒಡೆತನವುಳ್ಳ ಸಂಸ್ಥೆಯ ಅನುಮತಿಯಿಲ್ಲದೆ ಯಾರೂ ಸಾರ್ವಜನಿಕ ರಸ್ತೆಯನ್ನು ಅಗೆಯುವಂತಿಲ್ಲ. ಅಗೆದವರು ಅದನ್ನು ಮೊದಲಿನ ಸ್ಥಿತಿಗೆ ತರಬೇಕು ಅಥವಾ ಅದರ ವೆಚ್ಚವನ್ನು ತೆರಬೇಕು. ಅನುಮತಿ ಪತ್ರವೆಂದರೆ ಅಗೆಯುವ ಹಕ್ಕಿನ ಪತ್ರ ಮಾತ್ರವಲ್ಲ, ಮುಚ್ಚುವ ಹೊಣೆಯ ಪತ್ರ. ಅದರ ಮೊದಲರ್ಧ ಕಂಪನಿಯ ಕೈಯಲ್ಲಿದೆ; ಎರಡನೆಯರ್ಧ ಕಚೇರಿಯ ಕಪಾಟಿನಲ್ಲಿದೆ.

ಇಲ್ಲಿಯೇ ವ್ಯವಸ್ಥೆಯ ಪಕ್ಷಪಾತ ಎದ್ದು ಕಾಣುವುದು. ದೂರಸಂಪರ್ಕ ಕಂಪನಿಗಳಿಗಾಗಿ ಕೇಂದ್ರ ಸರ್ಕಾರ 2016ರಲ್ಲಿ ಮಾರ್ಗದ ಹಕ್ಕಿನ ನಿಯಮಗಳನ್ನು ರಚಿಸಿತು. ಕಂಪನಿಯ ಅರ್ಜಿಗೆ 60 ದಿನಗಳೊಳಗೆ ಉತ್ತರ ಬಾರದಿದ್ದರೆ ಅನುಮತಿ ದೊರೆತಂತೆಯೇ ಎಂದು ಅವು ವಿಧಿಸಿದವು. 2025ರ ಜನವರಿ 1ರಿಂದ ಜಾರಿಗೆ ಬಂದ ಹೊಸ ನಿಯಮಗಳಲ್ಲಿಯೂ ಅಂತಹ ಗಡುವು ಉಳಿದಿದೆ. ಕಂಪನಿಯ ಪಾಲಿಗೆ ಕಚೇರಿಯ ಮೌನವೇ ಸಮ್ಮತಿ. ಗುಂಡಿಯ ಬಗ್ಗೆ ದೂರು ಕೊಟ್ಟ ರೈತನ ಪಾಲಿಗೆ ಅದೇ ಮೌನ ಬರಿಯ ಮೌನ. ರಸ್ತೆ ಅಗೆಯುವವನ ಕಾಲಕ್ಕೆ ಬೆಲೆಯಿದ್ದು ಅದೇ ರಸ್ತೆಯಲ್ಲಿ ಬಾಣಂತಿಯನ್ನು ಕರೆದೊಯ್ಯುವವನ ಕಾಲಕ್ಕೆ ಬೆಲೆಯಿಲ್ಲವೇ?

ಕೇಳಿದರೆ ಬರುವ ಉತ್ತರಗಳು ಎರಡು. ಮೊದಲನೆಯದು, ‘ಅದು ನಮ್ಮ ರಸ್ತೆಯಲ್ಲ’. ಕೂಡ್ಲಿಗಿಯನ್ನು ಹಾಯುವ 50ನೆಯ ರಾಷ್ಟ್ರೀಯ ಹೆದ್ದಾರಿ ಒಂದು ಸಂಸ್ಥೆಯದು, ರಾಜ್ಯ ಹೆದ್ದಾರಿ ಲೋಕೋಪಯೋಗಿ ಇಲಾಖೆಯದು, ಹಳ್ಳಿಗಳ ನಡುವಣ ರಸ್ತೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ್ದು, ಓಣಿಯ ರಸ್ತೆ ಗ್ರಾಮ ಪಂಚಾಯಿತಿಯದು. ಹರಪನಹಳ್ಳಿಯ ಜನರಂತೂ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯವರಾದರು. ಜಿಲ್ಲಾ ಕಚೇರಿಗಳು ಬದಲಾದವು; ಗುಂಡಿಗಳು ಇದ್ದಲ್ಲಿಯೇ ಇದ್ದವು. ಯಾವ ರಸ್ತೆ ಯಾರದೆಂದು ಹುಡುಕುವುದು ಪ್ರಜೆಯ ಕೆಲಸವಲ್ಲ. ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಅದನ್ನು ಬರೆಸುವುದು ಆಡಳಿತದ ಕೆಲಸ.

ಎರಡನೆಯ ಉತ್ತರ, ‘ಹಣವಿಲ್ಲ’. ಈ ಉತ್ತರಕ್ಕೆ ಸರ್ವೋಚ್ಚ ನ್ಯಾಯಾಲಯ 1980ರಲ್ಲಿಯೇ ಬಾಗಿಲು ಮುಚ್ಚಿದೆ. ಮಧ್ಯಪ್ರದೇಶದ ರತ್ಲಾಮ್ ಪುರಸಭೆಯ ಚರಂಡಿ ಪ್ರಕರಣದಲ್ಲಿ, ಶಾಸನಬದ್ಧ ಕರ್ತವ್ಯದಿಂದ ತಪ್ಪಿಸಿಕೊಳ್ಳಲು ಹಣದ ಕೊರತೆ ನೆಪವಾಗಲಾರದೆಂದು ಅದು ಹೇಳಿತು. ಬೆಂಗಳೂರಿನ ಗುಂಡಿಗಳ ಪ್ರಕರಣದಲ್ಲಿ 2019ರ ಜುಲೈನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ, ಸುಸ್ಥಿತಿಯ ರಸ್ತೆಯು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ತೀರ್ಪಿತ್ತಿತು. ಸಂವಿಧಾನ ಬೆಂಗಳೂರಿಗೊಂದು, ಮೈಲಾರಕ್ಕೊಂದು ಇಲ್ಲ.

ಆದ್ದರಿಂದ ಬಾಯಿಮಾತಿನ ಗೊಣಗಾಟ ನಿಂತು ಬರಹದ ದೂರು ಆರಂಭವಾಗಬೇಕು. ಗುಂಡಿಯ ಜಾಗ, ಅಳತೆ, ದಿನಾಂಕ, ಅಗೆದವರು ಯಾರು ಎಂಬ ವಿವರ, ಫೋಟೋ, ಊರವರ ಸಹಿ ಇವಿಷ್ಟನ್ನು ಸೇರಿಸಿ ಕೊಟ್ಟು ಸ್ವೀಕೃತಿ ಪಡೆದ ಅರ್ಜಿಯನ್ನು ಕಳೆದುಹೋಯಿತೆಂದು ಹೇಳುವುದು ಕಷ್ಟ. ಕಾಲೇಜಿನ ವಿದ್ಯಾರ್ಥಿಗಳು ತಮ್ಮ ಊರಿನ ಒಂದೊಂದು ರಸ್ತೆಯನ್ನು ಹೀಗೆ ದಾಖಲಿಸಬಲ್ಲರು. 2005ರ ಮಾಹಿತಿ ಹಕ್ಕು ಅಧಿನಿಯಮದಡಿ 10 ರೂಪಾಯಿಯ ಅರ್ಜಿಗೆ 30 ದಿನಗಳಲ್ಲಿ ಉತ್ತರ ಕೊಡಲೇಬೇಕು. ಅಗೆಯಲು ಕೊಟ್ಟ ಅನುಮತಿ, ಕಟ್ಟಿಸಿಕೊಂಡ ಠೇವಣಿ, ಪಾವತಿಯಾದ ಬಿಲ್ಲು, ಗರಸು ತೆಗೆಯಲು ಗಣಿ ಮತ್ತು ಭೂವಿಜ್ಞಾನ ಇಲಾಖೆ ಕೊಟ್ಟ ಪರವಾನಗಿ, ಈ ಒಂದೊಂದನ್ನೂ ಬೇರೆ ಬೇರೆ ಅರ್ಜಿಯಲ್ಲಿ ಕೇಳಬಹುದು. ಕಾಮಗಾರಿಯನ್ನು ಪರಿಶೀಲಿಸಿ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಅದೇ ಅಧಿನಿಯಮದಲ್ಲಿದೆ ಎಂಬುದು ಹಲವರಿಗೆ ತಿಳಿಯದು. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಗೆ ಮುಗಿದ ದಿನದಿಂದ ಐದು ವರ್ಷ ಗುತ್ತಿಗೆದಾರನೇ ಹೊಣೆ. ಅಂತಹ ರಸ್ತೆಯ ಗುಂಡಿಗೆ ಪಂಚಾಯಿತಿಯ ಹಣ ಬಳಕೆಯಾಗಿದ್ದರೆ ಲೆಕ್ಕ ಕೇಳಬೇಕು.

ಇದಕ್ಕೂ ಮಿಗಿಲಾದ ಬೇಡಿಕೆಗಳು ಮೂರು. ಪಂಚಾಯಿತಿ ವ್ಯಾಪ್ತಿಯಲ್ಲಿ ಕೊಟ್ಟ ಪ್ರತಿಯೊಂದು ಅಗೆತದ ಅನುಮತಿಯನ್ನೂ ಗ್ರಾಮಸಭೆಯಲ್ಲಿ ಓದಿ ಹೇಳಬೇಕು. ರಸ್ತೆ ಮೊದಲಿನಂತಾಯಿತೆಂದು ಗ್ರಾಮಸಭೆ ಒಪ್ಪುವವರೆಗೆ ಠೇವಣಿ ಮರಳಿಸಬಾರದು. ಕಂಪನಿಯ ಅರ್ಜಿಗೆ ಇರುವಂತೆ ಪ್ರಜೆಯ ದೂರಿಗೂ ಗಡುವು ಇರಬೇಕು. ಗಡುವು ಮೀರಿದರೆ ಹೊಣೆಗಾರ ಅಧಿಕಾರಿಯ ಹೆಸರು ಸೂಚನಾ ಫಲಕ ಸೇರಬೇಕು.

ಮೈಲಾರದ ಕಾರಣಿಕದ ಹೊತ್ತಿಗೆ ಬಿಲ್ಲೇರಿದ ಗೊರವಯ್ಯ ‘ಸದ್ದಲೇ’ ಎಂದೊಡನೆ ಲಕ್ಷಾಂತರ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಆ ಮೌನ ದೈವಕ್ಕೆ ಸಲ್ಲತಕ್ಕದ್ದು. ಅನುಮತಿಯಿಲ್ಲದೆ ರಸ್ತೆ ಸೀಳುವ ಗುತ್ತಿಗೆದಾರನಿಗೂ ಅವನ ಬಿಲ್ಲಿಗೆ ಸಹಿ ಹಾಕುವ ಅಧಿಕಾರಿಗೂ ಅದು ಸಲ್ಲದು. ಮುಂದಿನ ಗ್ರಾಮಸಭೆಯ ನಡಾವಳಿ ಪುಸ್ತಕದಲ್ಲಿ ಊರಿನ ರಸ್ತೆಗಳ ಲೆಕ್ಕ ಮೊದಲ ವಿಷಯವಾಗಿ ದಾಖಲಾಗಲಿ. ಉಳಿದಿರುವ ಮರಡಿಗಳು ಉಳಿಯಲು ಅದೂ ಒಂದು ದಾರಿ.