ಕರೆದವರು ಎಲ್ಲಿದ್ದಾರೆ?

ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಿ ‘ಎ’ ಬ್ಲಾಕ್ ಎಂದೂ ‘ಬಿ’ ಬ್ಲಾಕ್ ಎಂದೂ ಎರಡು ಭಾಗಗಳುಂಟು. ನಮ್ಮ ಇತರ ಬಡಾವಣೆಗಳಲ್ಲಿರುವಂತೆ ಇಲ್ಲಿಯೂ ಬೀದಿಗಳಿಗೆ ಬಹುಮಟ್ಟಿಗೆ ಸಂಖ್ಯೆಗಳೇ ಹೆಸರು. ಗಾಬರಿಯಲ್ಲಿ “ಮೂರನೆಯ ಮುಖ್ಯರಸ್ತೆ, ಎರಡನೆಯ ಅಡ್ಡರಸ್ತೆ” ಎಂದಷ್ಟೇ ಹೇಳಿ ಬ್ಲಾಕನ್ನು ಮರೆತರೆ ಆಂಬ್ಯುಲೆನ್ಸು ಯಾವ ಕಡೆಗೆ ತಿರುಗಬೇಕು? ರಾಜ್ಯಮಟ್ಟದ ಕೇಂದ್ರದಲ್ಲಿ ಕುಳಿತು ಕರೆಯನ್ನು ಕೇಳುವವರಿಗೆ ಈ ಬೀದಿಗಳ ಪರಿಚಯವಿರಬೇಕೆಂದು ನಿರೀಕ್ಷಿಸುವುದು ತರವಲ್ಲ.

1935ರಲ್ಲಿ ಲಂಡನ್ನಿನ ವಿಂಪೋಲ್ ಬೀದಿಯ ಮನೆಯೊಂದಕ್ಕೆ ಬೆಂಕಿ ತಗುಲಿ ಐವರು ಸ್ತ್ರೀಯರು ಮಡಿದರು. ಅಗ್ನಿಶಾಮಕ ದಳವನ್ನು ಕರೆಯಲೆತ್ನಿಸಿದ ನೆರೆಯವರು ದೂರವಾಣಿ ಕೇಂದ್ರದ ಉತ್ತರಕ್ಕಾಗಿ ಸರದಿಯಲ್ಲಿ ಕಾಯಬೇಕಾಯಿತು. ಇದರ ಪರಿಣಾಮವಾಗಿ 1937ರಲ್ಲಿ 999 ಎಂಬ ತುರ್ತು ಸಂಖ್ಯೆ ಬಳಕೆಗೆ ಬಂದಿತು. ಕರ್ನಾಟಕದಲ್ಲಿ 2008ರಲ್ಲಿ 108 ಆಂಬ್ಯುಲೆನ್ಸ್ ಸೇವೆಯೂ, 2019ರಲ್ಲಿ ಪೊಲೀಸ್, ಅಗ್ನಿಶಾಮಕ, ಆರೋಗ್ಯ ಸೇವೆಗಳಿಗೆಲ್ಲ ಒಂದೇ ಸಂಖ್ಯೆಯಾಗಿ 112 ಕೂಡ ಆರಂಭವಾದವು. ಯಾರನ್ನು ಕರೆಯಬೇಕೆಂಬ ಪ್ರಶ್ನೆಗೆ ಹೀಗೆ ಉತ್ತರ ದೊರೆಯಿತು. ಕರೆದವರು ಎಲ್ಲಿದ್ದಾರೆಂಬ ಪ್ರಶ್ನೆ ಮಾತ್ರ ಉಳಿದಿದೆ.

ಇದಕ್ಕೆ ವಿಜ್ಞಾನದಲ್ಲಿ ಉತ್ತರವಿಲ್ಲದಿಲ್ಲ. ಮೊಬೈಲ್ ಗೋಪುರವೊಂದರಿಂದಲೇ ಸ್ಥಳವನ್ನು ಊಹಿಸಿದರೆ ನಗರದಲ್ಲಿ ನೂರಾರು ಮೀಟರು, ಹಳ್ಳಿಗಳಲ್ಲಿ ಕಿಲೋಮೀಟರುಗಳಷ್ಟು ವ್ಯತ್ಯಾಸ ಬರಬಹುದು. ನಾಲ್ಕು ಅಥವಾ ಹೆಚ್ಚು ಉಪಗ್ರಹಗಳ ಸಂಕೇತಗಳನ್ನು ಫೋನು ಗ್ರಹಿಸಿದರೆ, ಬಯಲಿನಲ್ಲಿ ಆ ವ್ಯತ್ಯಾಸ ಕೆಲವೇ ಮೀಟರುಗಳಿಗೆ ಇಳಿಯುತ್ತದೆ. ಮನೆಯೊಳಗೆ ಈ ಸಂಕೇತಗಳು ಕ್ಷೀಣವಾದಾಗ ಸುತ್ತಲಿನ ವೈ-ಫೈ ನೆರವಾಗುತ್ತದೆ. ತುರ್ತು ಸಂಖ್ಯೆಯನ್ನು ಒತ್ತಿದೊಡನೆ ಫೋನು ತಾನಾಗಿಯೇ ತನ್ನ ಸ್ಥಾನವನ್ನು ಅಳೆದು ಕೇಂದ್ರಕ್ಕೆ ಕಳುಹಿಸುವ ಏರ್ಪಾಡನ್ನು ಬ್ರಿಟನ್ನು 2014ರಲ್ಲಿಯೇ ಜಾರಿಗೆ ತಂದಿತು. ನಮ್ಮಲ್ಲಿಯೂ ಇದು ಪ್ರತಿಯೊಂದು 112 ಕರೆಗೂ ದೊರೆಯಬೇಕು. ಹಾಗೆ ಬಂದ ಸ್ಥಾನವನ್ನು ನೆರವಿಗಲ್ಲದೆ ಬೇರಾವ ಕಾರ್ಯಕ್ಕೂ ಬಳಸಕೂಡದೆಂಬ ಕಟ್ಟುನಿಟ್ಟೂ ಅದರೊಡನೆಯೇ ಬರಬೇಕು.

ಸ್ಥಾನ ತಿಳಿದರಷ್ಟೇ ಸಾಲದು. ದಾವಣಗೆರೆ-ಹರಿಹರದ ನಡುವೆ ಹೆದ್ದಾರಿಯಲ್ಲಿ ಎರಡು ವಾಹನಗಳು ಡಿಕ್ಕಿಯಾದವೆನ್ನೋಣ. ಗಾಯಾಳುವಿಗೆ ಆಂಬ್ಯುಲೆನ್ಸು ಬೇಕು. ನಜ್ಜುಗುಜ್ಜಾದ ವಾಹನದಿಂದ ಆತನನ್ನು ಬಿಡಿಸಲು ಅಗ್ನಿಶಾಮಕ ದಳ ಬೇಕು. ಹಿಂದಿನಿಂದ ಬರುವ ಲಾರಿಗಳನ್ನು ತಡೆಯಲು ಪೊಲೀಸರು ಬೇಕು. ಮೂವರಿಗೂ ಬೇರೆ ಬೇರೆಯಾಗಿ ಅದೇ ವೃತ್ತಾಂತವನ್ನು ಹೇಳಬೇಕಾದರೆ ಅಮೂಲ್ಯ ನಿಮಿಷಗಳು ವ್ಯರ್ಥವಾಗುತ್ತವೆ. ಮೊದಲು ಕೇಳಿದವರು ಬರೆದುಕೊಂಡ ವಿವರವು ಆ ಕ್ಷಣವೇ ಮೂರು ವಾಹನಗಳ ಪರದೆಯ ಮೇಲೂ ಮೂಡಬೇಕು. ಹೋಗುವ ಆಸ್ಪತ್ರೆಗೂ ಮುನ್ಸೂಚನೆ ತಲುಪಬೇಕು. ಒಂದು ಕೇಂದ್ರ ಕೆಟ್ಟರೆ ಇನ್ನೊಂದು ಕೇಂದ್ರವು ಕರೆಗೆ ಓಗೊಡುವಂತೆಯೂ ಇರಬೇಕು. 2022ರ ಸೆಪ್ಟೆಂಬರಿನಲ್ಲಿ ಯಂತ್ರದೋಷದಿಂದ ರಾಜ್ಯದ 108 ಸೇವೆಗೆ ಉಂಟಾದ ಅಡ್ಡಿಯು ಇದರ ಅಗತ್ಯವನ್ನು ತೋರಿಸಿಕೊಟ್ಟಿದೆ.

ಈ ವ್ಯವಸ್ಥೆಯನ್ನು ನಾವು ಸರ್ಕಾರದಿಂದ ಕೇಳಿ ಪಡೆಯಬೇಕು. ವಿದ್ಯಾರ್ಥಿಗಳು ಇಂದೇ ಮಾಡಬಹುದಾದ ಕೆಲಸವೂ ಒಂದುಂಟು: ಬ್ಲಾಕು, ಮುಖ್ಯರಸ್ತೆ, ಅಡ್ಡರಸ್ತೆ, ಹತ್ತಿರದ ಗುರುತು ಇವಿಷ್ಟನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಮನೆಯ ಗೋಡೆಗೆ ಅಂಟಿಸುವುದು. ಯಂತ್ರವು ತಪ್ಪಿದಾಗ ಆ ಚೀಟಿಯೇ ದಾರಿ ತೋರಿಸೀತು.